ಫಾರಂ 6ಎ: ಅರ್ಜಿಗೆ ಕಾಸಿಲ್ಲ, ಮತಕ್ಕೆ ವಿಮಾನದ ಟಿಕೆಟ್ಟು

ಹೊರದೇಶದ ಕನ್ನಡ ಕೂಟಗಳಲ್ಲಿ ಕಾರ್ಯಕ್ರಮ ಮುಗಿದು ಬಿಸಿಬೇಳೆಬಾತಿನ ಪಾತ್ರೆ ತಳ ಕಾಣುವ ಹೊತ್ತಿಗೆ ರಾಜಕೀಯ ಶುರುವಾಗುತ್ತದೆ. ಒಬ್ಬರು ಬೆಂಗಳೂರಿನ ರಸ್ತೆಗುಂಡಿ, ಕೆರೆಯ ನೊರೆ, ರೆಸಾರ್ಟ್ ರಾಜಕಾರಣ ಎನ್ನುತ್ತಾರೆ. ಎದುರಿನವರು ಬಿಡುವುದಿಲ್ಲ: “ಇಲ್ಲೇನು ಸುಖ ಸಾರ್? ಟ್ಯಾಕ್ಸೂ ಕಟ್ತೀವಿ, ಅದರ ಮೇಲೆ ವೀಸಾಕ್ಕೆ ಅಂತ ವರ್ಷಕ್ಕೆ ಸಾವಿರದ ಮೂವತ್ತೈದು ಪೌಂಡ್ ಹೆಲ್ತ್ ಸರ್‌ಚಾರ್ಜೂ ಕಟ್ತೀವಿ. ಡಾಕ್ಟರ್ ಅಪಾಯಿಂಟ್‌ಮೆಂಟಿಗೆ ಮಾತ್ರ ಬೆಳಿಗ್ಗೆ ಎಂಟಕ್ಕೆ ಫೋನ್ ಹಿಡ್ಕೊಂಡು ಕೂತಿರ್ಬೇಕು.” ಕಾಲು ಗಂಟೆ ಹೀಗೇ ಎಳೆದಾಟವಾಗಿ, ಕೊನೆಗೆ ಯಾರೋ ಒಬ್ಬರು “ಅಲ್ಲೂ ವೋಟಿಲ್ಲ, ಇಲ್ಲೂ ವೋಟಿಲ್ಲ, ಬಿಡಿ” ಅನ್ನುತ್ತಾರೆ. ಎಲ್ಲರೂ ಕಾಫಿಗೆ ಏಳುತ್ತಾರೆ.

ಆ ಕೊನೆಯ ಮಾತು ಲಂಡನ್ನಿನಲ್ಲಿ ಆಡಿದ್ದಾದರೆ ಎರಡು ಸಲ ತಪ್ಪು. ನ್ಯೂಜೆರ್ಸಿಯಲ್ಲಾದರೆ ಅರ್ಧ ಸರಿ. ದುಬೈನಲ್ಲಾದರೆ ಮುಕ್ಕಾಲು ಸರಿ. ಆದ್ದರಿಂದ ವಾದ ಪಕ್ಕಕ್ಕಿಟ್ಟು, ಹೊರದೇಶದಲ್ಲಿರುವ ಕನ್ನಡಿಗನಿಗೆ ಮತದಾರನಾಗಲು ಇರುವ ಸೇವೆಗಳನ್ನೇ ಇಲ್ಲಿ ಒರೆಗೆ ಹಚ್ಚಿದ್ದೇವೆ. ಹೆಚ್ಚು ಜಾಗ ಭಾರತದ ಚುನಾವಣಾ ಆಯೋಗದ ಫಾರಂ 6ಎಗೆ, ಅಂದರೆ ಹೊರದೇಶದಲ್ಲಿದ್ದುಕೊಂಡೇ ಊರಿನ ಮತದಾರರ ಪಟ್ಟಿಗೆ ಸೇರಲು ಹಾಕುವ ಅರ್ಜಿಗೆ. ಯಾಕೆಂದರೆ ಹೆಚ್ಚು ಗೊಂದಲ ಇರುವುದೂ ಅಲ್ಲೇ.

ಫಾರಂ 6ಎ: ಬಾಗಿಲು ಚೆನ್ನಾಗಿದೆ

1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಗಿ 20ಎ ಎಂಬ ಕಲಂ ಸೇರಿತು. 2011ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಅದಕ್ಕೂ ಮುಂಚೆ ಊರಲ್ಲಿ ವಾಸವಿಲ್ಲ ಎಂದರೆ ಪಟ್ಟಿಯಲ್ಲಿ ಹೆಸರಿಗೆ ಜಾಗವಿರಲಿಲ್ಲ. ಈಗ ಕೆಲಸ, ಓದು ಅಥವಾ ಬೇರೆ ಕಾರಣಕ್ಕೆ ಹೊರಗಿರುವ ಭಾರತೀಯ ಪ್ರಜೆ, ಬೇರೆ ದೇಶದ ಪೌರತ್ವ ತೆಗೆದುಕೊಂಡಿರದಿದ್ದರೆ, ‘ಸಾಗರೋತ್ತರ ಮತದಾರ’ನಾಗಬಹುದು. ಗ್ರೀನ್ ಕಾರ್ಡು, ಪಿಆರ್, ಐಎಲ್‌ಆರ್ ಯಾವುದಿದ್ದರೂ ಅಡ್ಡಿಯಿಲ್ಲ. ಅವೆಲ್ಲ ವಾಸದ ಪರವಾನಗಿ, ಪೌರತ್ವವಲ್ಲ. ಒಸಿಐ ಕಾರ್ಡಿನವರಿಗೆ ಇದು ಇಲ್ಲ. ‘ಓವರ್‌ಸೀಸ್ ಸಿಟಿಜನ್’ ಎಂಬ ಹೆಸರು ನೋಡಿ ಮೋಸಹೋಗುವವರು ಇವತ್ತಿಗೂ ಇದ್ದಾರೆ. ಅದು ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಸಿಗುವ ಒಂದು ರೀತಿಯ ಆಜೀವ ವೀಸಾ, ಅಷ್ಟೆ. ಮತವಿಲ್ಲ, ಸರ್ಕಾರಿ ನೌಕರಿಯಿಲ್ಲ, ಕೃಷಿ ಜಮೀನು ಕೊಳ್ಳುವಂತೆಯೂ ಇಲ್ಲ.

ಅರ್ಜಿ ಹಾಕುವುದು ಆಯೋಗದ ಮತದಾರರ ಸೇವಾ ಪೋರ್ಟಲ್‌ನಲ್ಲಿ. ಶುಲ್ಕ ಇಲ್ಲ. ಖಾತೆ ತೆರೆಯುವಾಗಲೇ ಸಾಗರೋತ್ತರ ಮತದಾರ ಎಂಬ ಆಯ್ಕೆ ಹಿಡಿಯಿರಿ. ಸಾಮಾನ್ಯ ಮತದಾರನ ದಾರಿಯಲ್ಲಿ ಹೋದರೆ ಫಾರಂ 6 ತೆರೆದುಕೊಳ್ಳುತ್ತದೆ, ಅದು ನಿಮ್ಮದಲ್ಲ. ಹೆಸರು, ತಂದೆ ಅಥವಾ ಗಂಡ ಅಥವಾ ಹೆಂಡತಿಯ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ, ಅದು ಎಲ್ಲಿ ಯಾವಾಗ ಸಿಕ್ಕಿತು, ಯಾವಾಗ ಮುಗಿಯುತ್ತದೆ, ವೀಸಾ ವಿವರ, ಯಾವತ್ತಿನಿಂದ ಊರು ಬಿಟ್ಟಿದ್ದೀರಿ, ಹೊರಗಿನ ಪೂರ್ತಿ ವಿಳಾಸ ಇಷ್ಟು ಬೇಕು. ಜೊತೆಗೆ ಪಾಸ್‌ಪೋರ್ಟ್ ಅಳತೆಯ ಒಂದು ಬಣ್ಣದ ಫೋಟೊ ಮತ್ತು ಪಾಸ್‌ಪೋರ್ಟಿನ ಮೂರು ಪುಟ: ಫೋಟೊ ಇರುವುದು, ಭಾರತದ ವಿಳಾಸ ಇರುವುದು, ವೀಸಾ ಇರುವುದು. ಅಂಚೆಯಲ್ಲಿ ಕಳಿಸುವವರು ಪ್ರತಿ ಝೆರಾಕ್ಸಿನ ಮೇಲೂ ತಾವೇ ಸಹಿ ಹಾಕಬೇಕು. ಊರಿಗೆ ಹೋದಾಗ ಖುದ್ದಾಗಿ ಕೊಡುವುದಾದರೆ ಮತದಾರರ ನೋಂದಣಾಧಿಕಾರಿ ಅಸಲು ಪಾಸ್‌ಪೋರ್ಟ್ ನೋಡಿ ಅಲ್ಲೇ ವಾಪಸು ಕೊಡುತ್ತಾರೆ.

ಕಾಗದಗಳು ಕೈಯಲ್ಲಿದ್ದರೆ ಕೂತಲ್ಲೇ ಮುಗಿಯುವ ಕೆಲಸ. ಸರ್ಕಾರಿ ಫಾರಂಗಳ ಪೈಕಿ ಇದು ಸಲೀಸಾದದ್ದು ಎಂದು ಧಾರಾಳವಾಗಿ ಹೇಳಬಹುದು. ಕೆಡುವುದು ಸಬ್ಮಿಟ್ ಒತ್ತಿದ ಮೇಲೆ.

ಎಲ್ಲಕ್ಕಿಂತ ಮೊದಲ ಎಡವಟ್ಟು ವಿಳಾಸ. ನಿಮ್ಮ ಕ್ಷೇತ್ರ ಯಾವುದು ಎಂದು ನೀವು ಆರಿಸುವ ಹಾಗಿಲ್ಲ. ಪಾಸ್‌ಪೋರ್ಟಿನಲ್ಲಿ ಭಾರತದ ಯಾವ ವಿಳಾಸ ಅಚ್ಚಾಗಿದೆಯೋ ಆ ಕ್ಷೇತ್ರವೇ ನಿಮ್ಮದು. ಹುಟ್ಟಿ ಬೆಳೆದದ್ದು ಚಿತ್ರದುರ್ಗ, ಪಾಸ್‌ಪೋರ್ಟ್ ಮಾಡಿಸುವಾಗ ಇದ್ದದ್ದು ಬಿಟಿಎಂ ಲೇಔಟಿನ ಬಾಡಿಗೆ ಮನೆ ಎಂದಾದರೆ ಅರ್ಜಿ ಹೋಗುವುದು ಬಿಟಿಎಂಗೆ. ಆ ಮನೆಯಲ್ಲಿ ಈಗ ಬೇರೆ ಯಾರೋ ಬಾಡಿಗೆಗಿರುತ್ತಾರೆ, ನಿಮ್ಮ ಹೆಸರು ಅವರಿಗೆ ಗೊತ್ತೇ ಇರುವುದಿಲ್ಲ. ಇದಕ್ಕಿಂತ ಕೆಟ್ಟದ್ದು, ಪಾಸ್‌ಪೋರ್ಟ್ ಹೊರದೇಶದಲ್ಲೇ ನವೀಕರಿಸಿ, ಕೊನೆಯ ಪುಟದಲ್ಲಿ ಅಲ್ಲಿನ ವಿಳಾಸವನ್ನೇ ಅಚ್ಚು ಹಾಕಿಸಿಕೊಂಡಿರುವುದು. ಆಗ ಅರ್ಜಿಗೆ ಆಧಾರವೇ ಇಲ್ಲ. ಮತ ಬೇಕೆನ್ನುವವರು ನವೀಕರಣದ ಹೊತ್ತಿನಲ್ಲೇ ಊರಿನ ಖಾಯಂ ವಿಳಾಸ ಇರುವಂತೆ ನೋಡಿಕೊಳ್ಳಬೇಕು. ಹತ್ತು ವರ್ಷಕ್ಕೊಮ್ಮೆ ಸಿಗುವ ಅವಕಾಶ ಅದು.

ಎರಡನೆಯದು ಬಿಎಲ್‌ಒ ಭೇಟಿ. ಬಿಎಲ್‌ಒ ಎಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಶಾಲೆಯ ಮೇಷ್ಟ್ರು ಅಥವಾ ಅಂಗನವಾಡಿ ಕಾರ್ಯಕರ್ತೆ. ಅವರು ಪಾಸ್‌ಪೋರ್ಟಿನ ವಿಳಾಸ ಹುಡುಕಿಕೊಂಡು ಬಂದು, ನಿಮ್ಮ ಕಾಗದದ ಪ್ರತಿಗಳನ್ನು ಮನೆಯವರಿಗೆ ತೋರಿಸಿ, ಸರಿಯಿದೆ ಎಂದು ಅವರಿಂದ ಘೋಷಣೆ ತೆಗೆದುಕೊಳ್ಳಬೇಕು. ಆ ಮಧ್ಯಾಹ್ನ ನಡೆಯುವುದನ್ನು ಊಹಿಸಿಕೊಳ್ಳಿ. ಬಿಸಿಲಲ್ಲಿ ಬಂದ ಮೇಷ್ಟ್ರು ಗೇಟಿನಲ್ಲಿ ನಿಂತು “ಇವರು ಇಲ್ಲಿದಾರಾ ಅಮ್ಮಾ?” ಅನ್ನುತ್ತಾರೆ. ಒಳಗಿನಿಂದ ಅಜ್ಜಿ “ಇಲ್ಲಪ್ಪಾ, ಅವನು ಊರು ಬಿಟ್ಟು ಎಂಟು ವರ್ಷ ಆಯ್ತು” ಅನ್ನುತ್ತಾರೆ. ಹೇಳಿದ್ದು ಸತ್ಯವೇ. ಆದರೆ ಸಾಮಾನ್ಯ ಮತದಾರರ ಪಟ್ಟಿ ಪರಿಶೀಲಿಸುವವರಿಗೆ ಅದೇ ಮಾತು ಹೆಸರು ತೆಗೆಯಲು ಕಾರಣ. ಕೈಯಲ್ಲಿರುವುದು 6ಎ ಎಂಬುದು ಇಬ್ಬರಿಗೂ ಹೊಳೆಯದಿದ್ದರೆ ಅರ್ಜಿ ಅಲ್ಲಿಗೇ ಕೂತುಬಿಡುತ್ತದೆ. ಅರ್ಜಿ ಹಾಕಿದ ದಿನವೇ ಮನೆಗೆ ಫೋನ್ ಮಾಡಿ ಮೂರು ಮಾತು ಹೇಳಿಡಿ: ಯಾರೋ ಬರುತ್ತಾರೆ, ನಾನು ಹೊರದೇಶದಲ್ಲಿದ್ದೇನೆ ಎಂದೇ ಹೇಳಿ, ಪಾಸ್‌ಪೋರ್ಟ್ ಪ್ರತಿ ನನ್ನದೇ ಎಂದು ಸಹಿ ಹಾಕಿ. ಪಾಸ್‌ಪೋರ್ಟಿನ ಒಂದು ಝೆರಾಕ್ಸ್ ಮನೆಯಲ್ಲೂ ಇರಲಿ.

ಮನೆಗೆ ಬೀಗ ಇದ್ದರೆ, ಸಹಿ ಹಾಕಲು ಯಾರೂ ಒಪ್ಪದಿದ್ದರೆ, ಅಥವಾ ಅಧಿಕಾರಿಗೆ ಸಮಾಧಾನವಾಗದಿದ್ದರೆ ಕಾಗದಗಳು ನೀವಿರುವ ದೇಶದ ಭಾರತೀಯ ರಾಯಭಾರ ಕಚೇರಿಗೆ ತಪಾಸಣೆಗೆ ಹೋಗಬೇಕೆಂಬ ನಿಯಮವಿದೆ. ನಿಯಮ ಒಳ್ಳೆಯದೇ. ಆದರೆ ತಾಲ್ಲೂಕಿನ ಕಚೇರಿಯಿಂದ ಹೊರಟ ಕಾಗದ ಸಾಗರ ದಾಟಿ ಮರಳುವಷ್ಟರಲ್ಲಿ ಚುನಾವಣೆ ಕಾಯುವುದಿಲ್ಲ.

ಮೂರನೆಯದು ವೀಸಾ ಪುಟ. ಫಾರಂ ಇನ್ನೂ ಪಾಸ್‌ಪೋರ್ಟಿಗೆ ವೀಸಾ ಅಂಟಿಸುತ್ತಿದ್ದ ಕಾಲದಲ್ಲೇ ಇದೆ. ಬ್ರಿಟನ್ ಈಗ ಇ-ವೀಸಾಕ್ಕೆ ಹೋಗಿದೆ; ಪಾಸ್‌ಪೋರ್ಟಿನಲ್ಲಿ ತೋರಿಸಲು ಏನೂ ಇರುವುದಿಲ್ಲ. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಬಂದವರದ್ದೂ ಇದೇ ಪಾಡು, ಹಳೆಯ ವೀಸಾ ಅವಧಿ ಮುಗಿದು ಕೂತಿರುತ್ತದೆ. ಇಂಥವರು ಈಗಿನ ವಾಸದ ಸ್ಥಿತಿ ತೋರಿಸುವ ಪುಟದ ಪ್ರಿಂಟ್ ಅಥವಾ ಕಾರ್ಡಿನ ಎರಡೂ ಬದಿಯ ಪ್ರತಿ ಲಗತ್ತಿಸಿ, ಅದು ಏನೆಂದು ಒಂದು ಸಾಲು ಬರೆದು ಕಳಿಸುವುದು ಮೇಲು. ಆ ಕಡೆ ಕೂತಿರುವವರು ಇ-ವೀಸಾ ನೋಡಿರಲೇಬೇಕೆಂದೇನಿಲ್ಲ.

ಇನ್ನು ಎಪಿಕ್, ಅಂದರೆ ವೋಟರ್ ಐಡಿ ಕಾರ್ಡು. ಸಾಗರೋತ್ತರ ಮತದಾರನಿಗೆ ಅದನ್ನು ಕೊಡುವುದಿಲ್ಲ. ಅಷ್ಟೇ ಅಲ್ಲ, ಮುಂಚೆ ಸಾಮಾನ್ಯ ಮತದಾರನಾಗಿದ್ದಾಗ ಸಿಕ್ಕ ಕಾರ್ಡನ್ನು 6ಎ ಜೊತೆ ಒಪ್ಪಿಸಬೇಕು. ಹೆಚ್ಚಿನವರು ಹಿಂಜರಿಯುವುದು ಇಲ್ಲೇ. ಬ್ಯಾಂಕು, ನೋಂದಣಿ ಕಚೇರಿ ಎಂದು ಹತ್ತು ಕಡೆ ಕೆಲಸಕ್ಕೆ ಬರುವ ಕಾರ್ಡು ಕೊಟ್ಟು, ಬದಲಿಗೆ ಪಟ್ಟಿಯ ತುದಿಯಲ್ಲೊಂದು ಸಾಲು ಪಡೆಯುವ ವ್ಯಾಪಾರ ಯಾರಿಗೂ ರುಚಿಸುವುದಿಲ್ಲ. ಹಾಗಾಗಿ ಎಷ್ಟೋ ಜನ ಹಳೆಯ ಹೆಸರನ್ನೇ ಹಾಗೇ ಬಿಟ್ಟು, ರಜೆಗೆ ಬಂದಾಗ ಚುನಾವಣೆ ಇದ್ದರೆ ಹೋಗಿ ಹಾಕಿ ಬರುತ್ತಾರೆ. ಆರು ತಿಂಗಳ ಆನ್‌ಸೈಟ್ ಕೆಲಸಕ್ಕೆ ಹೋದವರ ಮಾತು ಬೇರೆ. ತಾತ್ಕಾಲಿಕವಾಗಿ ಊರಲ್ಲಿಲ್ಲದ ಮಾತ್ರಕ್ಕೆ ‘ಸಾಮಾನ್ಯ ನಿವಾಸಿ’ ಪಟ್ಟ ಹೋಗುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ವರ್ಷಗಟ್ಟಲೆ ಸಂಸಾರ ಸಮೇತ ಹೊರಗಿರುವವರಿಗೆ ಆ ಮಾತು ಹೊಂದುವುದಿಲ್ಲ. ಪಟ್ಟಿಗಾಗಿ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ ಆಗಬಹುದು.

ಎಲ್ಲ ಸರಿಹೋದರೆ ತೀರ್ಮಾನ ಎಸ್ಸೆಮ್ಮೆಸ್ಸಿನಲ್ಲಿ ಮತ್ತು ಹೊರದೇಶದ ವಿಳಾಸಕ್ಕೆ ಅಂಚೆಯಲ್ಲಿ ಬರುತ್ತದೆ. ಹೆಸರು ನಿಮ್ಮ ಮತಗಟ್ಟೆಯ ಪಟ್ಟಿಯ ಕೊನೆಯಲ್ಲಿ, ಸಾಗರೋತ್ತರ ಮತದಾರರು ಎಂಬ ಪ್ರತ್ಯೇಕ ವಿಭಾಗದಲ್ಲಿರುತ್ತದೆ. ಹುಡುಕುವವರು ಮನೆ ನಂಬರಿನ ಸಾಲಿನಲ್ಲಿ ಹುಡುಕಿ “ಇಲ್ಲ” ಎಂದು ವಾಪಸು ಬರುತ್ತಾರೆ. ನೇರ ಕೊನೆಯ ಪುಟಕ್ಕೆ ಹೋಗಿ.

ಬಾಗಿಲ ಹಿಂದೆ ಗೋಡೆ

ಇಷ್ಟೆಲ್ಲ ಆದ ಮೇಲೆ ಮತ ಹಾಕುವುದು ಹೇಗೆ? ಊರಿಗೆ ಬಂದು, ಅಸಲು ಪಾಸ್‌ಪೋರ್ಟ್ ಹಿಡಿದು, ಮತಗಟ್ಟೆಯಲ್ಲಿ ಸಾಲು ನಿಂತು. ಅಂಚೆ ಮತವಿಲ್ಲ, ರಾಯಭಾರ ಕಚೇರಿಯಲ್ಲಿ ಮತಗಟ್ಟೆಯಿಲ್ಲ, ನಿಮ್ಮ ಪರವಾಗಿ ಇನ್ನೊಬ್ಬರು ಹಾಕುವ ಹಾಗೂ ಇಲ್ಲ.

2024ರ ಲೋಕಸಭಾ ಚುನಾವಣೆಗೆ ದೇಶದಲ್ಲಿ 1,19,374 ಸಾಗರೋತ್ತರ ಮತದಾರರು ನೋಂದಾಯಿಸಿದ್ದರು. ಬಂದು ಮತ ಹಾಕಿದವರು 2,958. ಅದರಲ್ಲಿ 2,670 ಜನ ಕೇರಳದವರು. ಕೇರಳ ಬಿಟ್ಟರೆ ಇಡೀ ದೇಶಕ್ಕೆ 288. ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಿಂದ ಹೊರಟರೆ ಮೂರು ಬಸ್ಸಿನಲ್ಲಿ ಕೂಡಿಸಬಹುದಾದಷ್ಟು ಜನ. ಕೇರಳದವರು ಗಲ್ಫಿನಿಂದ ಚುನಾವಣೆಗೆಂದೇ ಗುಂಪಾಗಿ ವಿಮಾನ ಹತ್ತಿ ಬರುತ್ತಾರೆ. ಹಾರಾಟ ನಾಲ್ಕು ಗಂಟೆಯ ಆಸುಪಾಸಿನದು, ಸಂಘಟನೆಯೂ ಗಟ್ಟಿ. ಅದೇ ಗಲ್ಫಿನಲ್ಲಿ ಮಂಗಳೂರು, ಉಡುಪಿ, ಭಟ್ಕಳದ ಕಡೆಯವರು ಕಡಿಮೆಯೇನಿಲ್ಲ, ಮಂಗಳೂರಿಗೆ ನೇರ ವಿಮಾನವೂ ಇದೆ. ಆದರೂ ನಮ್ಮಲ್ಲಿ ಆ ಅಭ್ಯಾಸ ಬೆಳೆದಿಲ್ಲ.

ಸಮಯದ ಲೆಕ್ಕವೂ ಹಿಂಡುತ್ತದೆ. 2023ರ ವಿಧಾನಸಭಾ ಚುನಾವಣೆ ಘೋಷಣೆಯಾದದ್ದು ಮಾರ್ಚ್ 29ಕ್ಕೆ, ಮತದಾನ ಮೇ 10ಕ್ಕೆ. 2024ರಲ್ಲಿ ಘೋಷಣೆ ಮಾರ್ಚ್ 16, ಕರ್ನಾಟಕದ ಮೊದಲ ಹಂತ ಏಪ್ರಿಲ್ 26, ಎರಡನೆಯದು ಮೇ 7. ಅಂದರೆ ರಜೆ ಕೇಳಿ ಟಿಕೆಟ್ ಮಾಡಿಸಲು ಸಿಗುವುದು ಆರೇಳು ವಾರ, ಅದೂ ಬೇಸಿಗೆ ರಜೆಯ ದುಬಾರಿ ಕಾಲದಲ್ಲಿ. ನಿಮ್ಮ ಕ್ಷೇತ್ರ ಯಾವ ಹಂತಕ್ಕೆ ಬೀಳುತ್ತದೆ ಎಂಬುದು ಘೋಷಣೆಯ ದಿನವೇ ತಿಳಿಯುವುದು. ಮುಂಚೆಯೇ ಊಹಿಸಿ ಟಿಕೆಟ್ ಕೊಂಡವರು ಬೆಂಗಳೂರಿನ ತಾರೀಖಿಗೆ ಬಂದು, ತಮ್ಮ ಮತ ಇರುವುದು ಧಾರವಾಡದಲ್ಲಿ ಎಂದು ಕೈ ಹಿಸುಕಿಕೊಳ್ಳಬೇಕಾಗುತ್ತದೆ. ಪಟ್ಟಿಗೆ ಸೇರಲು ನಾಮಪತ್ರದ ಕೊನೆಯ ದಿನದವರೆಗೆ ಅರ್ಜಿ ಹಾಕಬಹುದು ಎಂಬ ಮಾತನ್ನೂ ನಂಬಿ ಕೂರಬೇಡಿ. ಆಕ್ಷೇಪಣೆಗೆ, ತಪಾಸಣೆಗೆ ದಿನ ಬೇಕು. ಚುನಾವಣೆಗೆ ಆರು ತಿಂಗಳ ಮುಂಚೆಯೇ ಮುಗಿಸಿಡುವುದು ಕ್ಷೇಮ.

ಸರಿಪಡಿಸುವ ಪ್ರಯತ್ನವೇ ಆಗಿಲ್ಲ ಎನ್ನುವಂತಿಲ್ಲ. ಬದಲಿ ವ್ಯಕ್ತಿಯ ಮೂಲಕ ಮತ ಹಾಕಲು ಅವಕಾಶ ಕೊಡುವ ಮಸೂದೆ 2018ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಪಾಸಾಯಿತು, ರಾಜ್ಯಸಭೆ ದಾಟಲಿಲ್ಲ, 2019ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. 2020ರ ನವೆಂಬರಿನಲ್ಲಿ ಆಯೋಗ ಕಾನೂನು ಸಚಿವಾಲಯಕ್ಕೆ ಬರೆದು, ಸೈನಿಕರಿಗೆ ಇರುವ ವಿದ್ಯುನ್ಮಾನ ಅಂಚೆ ಮತಪತ್ರವನ್ನೇ ಇವರಿಗೂ ಕೊಡಬಹುದು ಎಂದಿತು. ಸೈನಿಕರ ವ್ಯವಸ್ಥೆ ಹೀಗೆ: ಮತಪತ್ರ ಕಂಪ್ಯೂಟರಿನಲ್ಲಿ ಬರುತ್ತದೆ, ಪಿನ್ ಹಾಕಿ ತೆರೆದು ಪ್ರಿಂಟ್ ತೆಗೆದು ಗುರುತು ಹಾಕಿ, ಘೋಷಣಾ ಪತ್ರಕ್ಕೆ ಮೇಲಧಿಕಾರಿಯ ದೃಢೀಕರಣ ಪಡೆದು, ಎರಡು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಬೇಕು, ಎಣಿಕೆಯ ದಿನ ಬೆಳಿಗ್ಗೆ ಎಂಟರೊಳಗೆ ತಲುಪಬೇಕು. ಸೈನಿಕನಿಗೆ ಮೇಲಧಿಕಾರಿ ಪಕ್ಕದಲ್ಲೇ ಇದ್ದಾನೆ. ದುಬೈನ ಲೇಬರ್ ಕ್ಯಾಂಪಿನಲ್ಲಿರುವ ಬೀದರಿನ ಹುಡುಗನಿಗೆ ದೃಢೀಕರಿಸುವವರು ಯಾರು? ರಾಯಭಾರ ಕಚೇರಿಯವರೇ ಎಂದಾದರೆ ಲಕ್ಷಗಟ್ಟಲೆ ಜನರ ಸಾಲು ಎಲ್ಲಿ ನಿಲ್ಲಬೇಕು? ಕೆಲಸ ಕೊಟ್ಟವನ ಕಣ್ಣೆದುರು ಗುರುತು ಹಾಕುವಂತಾದರೆ ಗೋಪ್ಯತೆ ಉಳಿಯುತ್ತದೆಯೇ? ವಿಷಯ ನಿಂತಿರುವುದು ಬರೀ ಸೋಮಾರಿತನಕ್ಕಲ್ಲ.

ನಮ್ಮ ಅಂಕ: ಅರ್ಜಿಗೆ ಐದಕ್ಕೆ ನಾಲ್ಕು, ತಪಾಸಣೆಗೆ ಎರಡು, ಮತದಾನಕ್ಕೆ ಒಂದು. ಆ ಒಂದು ಕೂಡ ಮತಗಟ್ಟೆಯಲ್ಲಿ ಪಾಸ್‌ಪೋರ್ಟ್ ಒಂದೇ ಸಾಕಾಗುತ್ತದೆ ಎಂಬುದಕ್ಕೆ.

ಬ್ರಿಟನ್: ಬಿಟ್ಟಿ ಸಿಕ್ಕರೂ ಬೇಡದವರು

ಬ್ರಿಟನ್ನಿನಲ್ಲಿ ವೀಸಾ ಇಟ್ಟುಕೊಂಡು ವಾಸವಿರುವ ಭಾರತೀಯ ಪ್ರಜೆ, ಕಾಮನ್‌ವೆಲ್ತ್ ಪ್ರಜೆ ಎಂಬ ಲೆಕ್ಕದಲ್ಲಿ, ಅಲ್ಲಿನ ಎಲ್ಲ ಚುನಾವಣೆಯಲ್ಲೂ ಮತ ಹಾಕಬಹುದು. ಸ್ಥಳೀಯ ಕೌನ್ಸಿಲ್ಲಿಗೆ ಮಾತ್ರವಲ್ಲ, ಪಾರ್ಲಿಮೆಂಟಿಗೂ. ಪೌರತ್ವ ಬೇಡ, ಐಎಲ್‌ಆರ್ ಬೇಡ, ಐದು ವರ್ಷ ಕಾಯಬೇಕಿಲ್ಲ. ಮಾಸ್ಟರ್ಸ್ ಓದಲು ಹೋದ ಹುಡುಗಿಗೂ ಈ ಹಕ್ಕಿದೆ. ಹೋಗಿ ಹತ್ತು ವರ್ಷವಾದರೂ ಇದು ಗೊತ್ತಿಲ್ಲದವರು ಸಿಗುತ್ತಾರೆ ಎಂಬುದೇ ಸೋಜಿಗ. ಖಾಯಂ ವಾಸಕ್ಕೆ ಬೇಕಾದ 5 ವರ್ಷವನ್ನು 10ಕ್ಕೆ ಏರಿಸುವ ಪ್ರಸ್ತಾಪ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಬಂದಾಗ ವಾಟ್ಸಾಪ್ ಗುಂಪುಗಳಲ್ಲಿ ಎದ್ದ ಗದ್ದಲ ಸಣ್ಣದಲ್ಲ. ಅಂಥದ್ದನ್ನು ತೀರ್ಮಾನಿಸುವವರನ್ನು ಆರಿಸುವ ಹಕ್ಕು ಅದೇ ಗುಂಪಿನವರಿಗೆ ಮೊದಲಿನಿಂದಲೂ ಇತ್ತು.

ಇದಕ್ಕೂ ಫಾರಂ 6ಎಗೂ ಜಗಳವಿಲ್ಲ. ಭಾರತದ ಪೌರತ್ವ ಹೋಗುವುದು ಬೇರೆ ದೇಶದ ಪೌರತ್ವ ತೆಗೆದುಕೊಂಡಾಗ. ಅಲ್ಲಿ ಮತ ಹಾಕಿದ ಮಾತ್ರಕ್ಕಲ್ಲ. ಲಂಡನ್ನಿನ ಭಾರತೀಯ ಪ್ರಜೆ ಎರಡೂ ಕಡೆಯ ಪಟ್ಟಿಯಲ್ಲಿ ಕಾನೂನುಬದ್ಧವಾಗಿಯೇ ಇರಬಹುದು.

ನೋಂದಣಿ ಸರ್ಕಾರದ ವೆಬ್‌ಸೈಟಿನಲ್ಲಿ, ಐದು ನಿಮಿಷದ ಕೆಲಸ. ರಾಷ್ಟ್ರೀಯತೆ, ಹುಟ್ಟಿದ ದಿನ, ಹೆಸರು, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ, ವಿಳಾಸ, ಕಳೆದ 12 ತಿಂಗಳಲ್ಲಿ ಮನೆ ಬದಲಿಸಿದ್ದರೆ ಹಳೆಯ ವಿಳಾಸ. ‘ಓಪನ್ ರಿಜಿಸ್ಟರ್’ ಬಗ್ಗೆ ಕೇಳಿದಾಗ ಬೇಡ ಎನ್ನಿ; ಅದನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ಕೊಳ್ಳಬಹುದು. ಕೆಡುವ ಜಾಗ ಒಂದೇ, ನಮ್ಮ ಹೆಸರು. ಕನ್ನಡಿಗರ ಇನಿಷಿಯಲ್ಲು ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರಾಗಿ ಬಿಡಿಸಿಕೊಂಡು ಎಲ್ಲೆಲ್ಲೋ ಕೂತಿರುತ್ತದೆ. ನ್ಯಾಷನಲ್ ಇನ್ಶೂರೆನ್ಸ್ ಪತ್ರದಲ್ಲಿ ಒಂದು ರೀತಿ, ಅರ್ಜಿಯಲ್ಲಿ ಇನ್ನೊಂದು ರೀತಿ ಬರೆದರೆ ಕಂಪ್ಯೂಟರಿಗೆ ತಾಳೆಯಾಗುವುದಿಲ್ಲ, ಕೌನ್ಸಿಲ್ಲಿನಿಂದ ದಾಖಲೆ ಕೇಳಿ ಪತ್ರ ಬರುತ್ತದೆ. ಆ ಪತ್ರ ಜಾಹೀರಾತಿನ ಕಾಗದದ ಜೊತೆ ಕಸದ ಬುಟ್ಟಿ ಸೇರಿದರೆ ಅರ್ಜಿಯೂ ಸೇರಿತು. ನ್ಯಾಷನಲ್ ಇನ್ಶೂರೆನ್ಸ್ ಪತ್ರದಲ್ಲಿ ಹೆಸರು ಹೇಗಿದೆಯೋ ಅಕ್ಷರ ಬಿಡದೆ ಹಾಗೇ ಬರೆಯಿರಿ.

ಗಡುವು ಮತದಾನಕ್ಕೆ 12 ಕೆಲಸದ ದಿನ ಮುಂಚೆ. 2024ರ ಜುಲೈ 4ರ ಚುನಾವಣೆಗೆ ಅದು ಜೂನ್ 18 ಆಗಿತ್ತು. ಅಂಚೆ ಮತ ಬೇಕಿದ್ದರೆ 11 ಕೆಲಸದ ದಿನ ಮುಂಚೆ, ಬದಲಿ ವ್ಯಕ್ತಿಗಾದರೆ 6 ಕೆಲಸದ ದಿನ. ಹೌದು, ನಮ್ಮ ಸಂಸತ್ತಿನಲ್ಲಿ ಬಿದ್ದುಹೋದ ಬದಲಿ ಮತ ಅಲ್ಲಿ ಮಾಮೂಲು. 2023ರಿಂದ ಫೋಟೊ ಇರುವ ಗುರುತು ಬೇಕು. ಕಾಮನ್‌ವೆಲ್ತ್ ದೇಶದ ಪಾಸ್‌ಪೋರ್ಟ್ ನಡೆಯುತ್ತದೆ, ಅಂದರೆ ಭಾರತದ ಪಾಸ್‌ಪೋರ್ಟ್ ಸಾಕು. ಮುಖ ಗುರುತು ಸಿಗುವಂತಿದ್ದರೆ ಅವಧಿ ಮುಗಿದದ್ದೂ ಆಗುತ್ತದೆ. ಮತದಾನ ಗುರುವಾರ, ಬೆಳಿಗ್ಗೆ 7ರಿಂದ ರಾತ್ರಿ 10. ಆಫೀಸಿಗೆ ರಜೆ ಹಾಕುವ ಪ್ರಮೇಯವೇ ಇಲ್ಲ.

ಒಂದು ಉಪಲಾಭ ಹೇಳದಿದ್ದರೆ ನಮ್ಮವರು ಏಳುವುದಿಲ್ಲ: ಪಟ್ಟಿಯಲ್ಲಿ ಹೆಸರಿದ್ದರೆ ಕ್ರೆಡಿಟ್ ಸ್ಕೋರಿಗೆ ಒಳ್ಳೆಯದು, ಮನೆ ಸಾಲಕ್ಕೆ ಹೋದಾಗ ವಿಳಾಸ ತಾಳೆ ನೋಡುವುದು ಇದೇ ಪಟ್ಟಿಯಲ್ಲಿ. ನೋಂದಾಯಿಸಿ ಎಂದು ಕೌನ್ಸಿಲ್ ಅಧಿಕೃತವಾಗಿ ಕೇಳಿದರೂ ಸುಮ್ಮನಿದ್ದರೆ 80 ಪೌಂಡ್ ದಂಡವೂ ಬೀಳಬಹುದು.

ಈ ಹಕ್ಕನ್ನು ಹಿಡಿದು ಮೇಲೆ ಹೋದವರೂ ಇದ್ದಾರೆ. ಕಲಬುರಗಿ ಮೂಲದ ನೀರಜ್ ಪಾಟೀಲರು ಲಂಡನ್ನಿನ ಲ್ಯಾಂಬೆತ್ ಕೌನ್ಸಿಲ್ಲಿನ ಮೇಯರ್ ಆಗಿದ್ದವರು. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನ ಪ್ರತಿಮೆಯ ಹಿಂದೆ ಇರುವುದು ಅವರ ಓಡಾಟ. ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳದ ಕನ್ನಡಿಗನಿಲ್ಲ. ಅಂಕ: ಐದಕ್ಕೆ ಐದು. ಬಳಕೆದಾರರಿಗೆ ಎರಡು.

ಅಮೆರಿಕ: ಒಂದು ಟಿಕ್ಕಿನ ಅಪಾಯ

ಇಲ್ಲಿ ಪೌರತ್ವ ಬರುವವರೆಗೆ ಕೇಂದ್ರದ ಚುನಾವಣೆಯಲ್ಲಿ ಮತವಿಲ್ಲ. ಆದರೆ ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲೇ ಮತದಾರರ ನೋಂದಣಿಯೂ ನಡೆಯುತ್ತದೆ. 1993ರ ಕಾನೂನು ಅದು. ಲೈಸೆನ್ಸ್ ನವೀಕರಿಸುವ ಫಾರಂನಲ್ಲಿ “ಮತದಾರರಾಗಿ ನೋಂದಾಯಿಸಲೇ” ಎಂಬ ಚೌಕ ಇರುತ್ತದೆ. ಹಿಂದೆ ಸಾಲು ಬೆಳೆದಿದೆ, ಕೌಂಟರಿನವರು ಅವಸರಿಸುತ್ತಾರೆ, ಓದದೆ ಎಲ್ಲಕ್ಕೂ ಟಿಕ್ ಹಾಕಿ ಸಹಿ ಮಾಡಿದರೆ ತಾನು ಪೌರ ಎಂದು ಸುಳ್ಳು ಹೇಳಿದಂತಾಗುತ್ತದೆ. ಪೌರನಲ್ಲದವನು ಮತ ಹಾಕಿದರೆ ಒಂದು ವರ್ಷದವರೆಗೆ ಜೈಲು, ಗಡೀಪಾರಿನ ಅಪಾಯ. ಹಾಕದಿದ್ದರೂ ತಪ್ಪಿದ್ದಲ್ಲ: ಪೌರತ್ವದ ಅರ್ಜಿ ಎನ್-400ರಲ್ಲಿ “ಎಂದಾದರೂ ನೋಂದಾಯಿಸಿದ್ದೀರಾ, ಮತ ಹಾಕಿದ್ದೀರಾ” ಎಂಬ ಪ್ರಶ್ನೆ ಕಾದಿರುತ್ತದೆ. ಮತದಾರರ ಕಾರ್ಡು ಮನೆಗೆ ಬಂದುಬಿಟ್ಟಿದ್ದರೆ ಎಸೆಯಬೇಡಿ. ಕೌಂಟಿ ಕಚೇರಿಗೆ ಲಿಖಿತವಾಗಿ ಬರೆದು ಹೆಸರು ತೆಗೆಸಿ, ಆ ಪತ್ರ ಇಟ್ಟುಕೊಳ್ಳಿ, ವಲಸೆ ವಕೀಲರನ್ನು ಕಂಡ ಮೇಲೆ ಎನ್-400 ಮುಟ್ಟಿ.

ಗ್ರೀನ್ ಕಾರ್ಡ್ ಆಗಿ 5 ವರ್ಷಕ್ಕೆ (90 ದಿನ ಮುಂಚೆಯೇ ಹಾಕಬಹುದು) ಪೌರತ್ವದ ಅರ್ಜಿ. ಆನ್‌ಲೈನಿನಲ್ಲಿ 710 ಡಾಲರ್, ಕಾಗದದಲ್ಲಿ 760. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕುವವರಿಗೆ ಪರೀಕ್ಷೆ ಬಿಗಿಯಾಗಿದೆ: 128 ಪ್ರಶ್ನೆಗಳಲ್ಲಿ 20 ಕೇಳುತ್ತಾರೆ, 12 ಸರಿಯಾಗಬೇಕು. ನಮ್ಮವರಿಗೆ ಕಷ್ಟ ಪರೀಕ್ಷೆಯಲ್ಲ, ಗ್ರೀನ್ ಕಾರ್ಡೇ. ಒಂದು ದೇಶಕ್ಕೆ ಶೇ 7ರ ಮಿತಿಯಿಂದಾಗಿ ಭಾರತೀಯರ ಸಾಲು ದಶಕಗಳ ಉದ್ದವಾಗಿದೆ.

ಮತವಿಲ್ಲದವರಿಗೆ ಅಲ್ಲಿ ಬಳಕೆಯಾಗದೆ ಬಿದ್ದಿರುವ ಒಂದು ಸೇವೆ ಇದೆ. ವಲಸೆ ಇಲಾಖೆಯಲ್ಲಿ ಫೈಲು ಸಿಕ್ಕಿಕೊಂಡರೆ ನಿಮ್ಮ ಪ್ರದೇಶದ ಕಾಂಗ್ರೆಸ್ (ಅಲ್ಲಿನ ಸಂಸತ್ತು) ಸದಸ್ಯರ ಕಚೇರಿಗೆ ಹೋಗಬಹುದು. ‘ಕೇಸ್‌ವರ್ಕ್’ ಎನ್ನುತ್ತಾರೆ. ಗೋಪ್ಯತೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ರಸೀದಿ ಸಂಖ್ಯೆ ಕೊಟ್ಟರೆ ಅವರು ಇಲಾಖೆಯನ್ನು ವಿಚಾರಿಸುತ್ತಾರೆ. ನೀವು ಮತದಾರರೇ ಎಂದು ಕೇಳುವುದಿಲ್ಲ. ಚುನಾವಣಾ ದೇಣಿಗೆಯ ವಿಷಯದಲ್ಲಿ ಮಾತ್ರ ಎಚ್ಚರ: ಗ್ರೀನ್ ಕಾರ್ಡಿನವರು ಕೊಡಬಹುದು, ಎಚ್‌-1ಬಿ, ಎಫ್‌-1 ವೀಸಾದವರು ಕೊಡುವಂತಿಲ್ಲ. ಸಮಾರಂಭದ ಟಿಕೆಟ್ ರೂಪದಲ್ಲಿ ಕೊಟ್ಟರೂ ಅದು ದೇಣಿಗೆಯೇ.

ಉಳಿದ ಕಡೆ, ಚುಟುಕಾಗಿ

ಕೆನಡಾದಲ್ಲಿ ಪಿಆರ್‌ಗೆ ಮತವಿಲ್ಲ, ಆದರೆ ಪೌರತ್ವ ಬೇಗ: 5 ವರ್ಷದಲ್ಲಿ 1,095 ದಿನ ಅಲ್ಲಿದ್ದರೆ ಸಾಕು. ಸಿರಾ ತಾಲ್ಲೂಕಿನ ಚಂದ್ರ ಆರ್ಯ ಅಲ್ಲಿನ ಸಂಸತ್ತಿನಲ್ಲಿ 2022ರ ಮೇ ತಿಂಗಳಲ್ಲಿ ಕನ್ನಡದಲ್ಲಿ ಮಾತಾಡಿದ್ದನ್ನು ನೋಡದವರಿಲ್ಲ. ಐರ್ಲೆಂಡಿನಲ್ಲಿ ಯಾವ ದೇಶದವರಾದರೂ ಸ್ಥಳೀಯ ಚುನಾವಣೆಗೆ ಮತ ಹಾಕಬಹುದು. ನೆದರ್ಲೆಂಡ್ಸಿನಲ್ಲಿ 5 ವರ್ಷ, ಸ್ವೀಡನ್ನಿನಲ್ಲಿ 3 ವರ್ಷ ವಾಸದ ಬಳಿಕ ನಗರಸಭೆಗೆ. ನ್ಯೂಜಿಲೆಂಡ್ ಉದಾರಿ: ಖಾಯಂ ವಾಸಿಗೆ ಒಂದು ವರ್ಷವಾದರೆ ಸಂಸತ್ತಿಗೂ ಮತ. ಜರ್ಮನಿ 2024ರ ಜೂನ್ 27ರಿಂದ ಎರಡು ಪೌರತ್ವಕ್ಕೆ ಒಪ್ಪಿದೆ, 5 ವರ್ಷಕ್ಕೆ ಅರ್ಜಿ ಹಾಕಬಹುದು. ಆದರೆ ಭಾರತ ಒಪ್ಪುವುದಿಲ್ಲವಾದ್ದರಿಂದ ಆ ಉದಾರತೆಯಿಂದ ನಮಗೇನೂ ಗಿಟ್ಟುವುದಿಲ್ಲ. ಗಲ್ಫಿನಲ್ಲಿ ಮತದ ಮಾತೇ ಇಲ್ಲ. ಯುಎಇಯಲ್ಲಿ ಅನುಮತಿಯಿಲ್ಲದೆ ಚಂದಾ ಎತ್ತುವುದೂ ಅಪರಾಧ. ಊರಿನ ಪಕ್ಷಕ್ಕೆ ವಾಟ್ಸಾಪಿನಲ್ಲಿ ಹಣ ಕೂಡಿಸುವವರು ಇದನ್ನು ನೆನಪಿಡಬೇಕು. ಅಲ್ಲಿಯವರ ಪಾಲಿಗೆ ಫಾರಂ 6ಎ ಒಂದೇ ಗತಿ.

ವೋಟಿಲ್ಲದೆ ನಡೆಯುವ ಕೆಲಸ

ರಸ್ತೆಗುಂಡಿಯ ಸಿಟ್ಟಿಗೆ ಮತಕ್ಕಿಂತ ಅಗ್ಗದ ಹತಾರವೊಂದಿದೆ, ಮಾಹಿತಿ ಹಕ್ಕು. ಭಾರತದ ಪ್ರಜೆ ಎಲ್ಲಿದ್ದರೂ ಕೇಳಬಹುದು. ಒಸಿಐಗೆ ಇಲ್ಲ, ಕಾಯ್ದೆಯ 3ನೇ ಕಲಂ ಪ್ರಜೆಗಳಿಗೆ ಮಾತ್ರ ಈ ಹಕ್ಕು ಕೊಡುತ್ತದೆ. ಶುಲ್ಕ 10 ರೂಪಾಯಿ; ಕೇಂದ್ರದ ಇಲಾಖೆಗಳಿಗೆ ಹೊರದೇಶದಿಂದ ಕಟ್ಟಲೆಂದೇ ಅಂಚೆ ಇಲಾಖೆಯ ಇ-ಪೋಸ್ಟಲ್ ಆರ್ಡರ್ 2013ರಿಂದ ಇದೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. “ನಮ್ಮ ಬಡಾವಣೆಯ ರಸ್ತೆ ಯಾಕೆ ಹೀಗಿದೆ” ಎಂದು ಕೇಳಿದರೆ ಉತ್ತರ ಬರುವುದಿಲ್ಲ. ‘ಯಾಕೆ’ ಎನ್ನುವುದು ಮಾಹಿತಿಯಲ್ಲ. ವಾರ್ಡು, ರಸ್ತೆಯ ಹೆಸರು, ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದು, ಕೊನೆಯ ಡಾಂಬರು ಕಾಮಗಾರಿಯ ಕಾರ್ಯಾದೇಶದ ಪ್ರತಿ, ಗುತ್ತಿಗೆದಾರರ ಹೆಸರು, ಅಳತೆ ಪುಸ್ತಕದ ಪ್ರತಿ, ದೋಷ ಹೊಣೆಗಾರಿಕೆಯ ಅವಧಿ ಯಾವಾಗ ಮುಗಿಯುತ್ತದೆ, ಈ ನಾಲ್ಕನ್ನು ಕೇಳಿ. ಆ ಅವಧಿ ಇನ್ನೂ ಇದ್ದರೆ ಗುಂಡಿ ಮುಚ್ಚಬೇಕಾದವನು ಗುತ್ತಿಗೆದಾರ, ಅವನ ಖರ್ಚಿನಲ್ಲಿ. 30 ದಿನದಲ್ಲಿ ಉತ್ತರ ಬರಬೇಕು.

ಬ್ರಿಟನ್ನಿನಲ್ಲಿ ಸಂಸತ್ತಿನ ಮನವಿ ಪುಟಕ್ಕೆ ಅಲ್ಲಿ ವಾಸವಿರುವ ಯಾರಾದರೂ ಸಹಿ ಹಾಕಬಹುದು. 10,000 ಸಹಿಗೆ ಸರ್ಕಾರದ ಉತ್ತರ, 1,00,000ಕ್ಕೆ ಚರ್ಚೆಯ ಪರಿಶೀಲನೆ. ಅಂಚೆ ಪಿನ್‌ಕೋಡ್ ಕೊಟ್ಟು ಇಮೇಲಿಗೆ ಬಂದ ಕೊಂಡಿ ಒತ್ತಿದ ಮೇಲಷ್ಟೇ ಸಹಿ ಲೆಕ್ಕಕ್ಕೆ ಬರುವುದು. ಎಷ್ಟೋ ಸಹಿ ಸ್ಪ್ಯಾಮ್ ಡಬ್ಬಿಯಲ್ಲೇ ಕೊಳೆಯುತ್ತವೆ.

ಪೌರತ್ವ ಬದಲಿಸಿದವರಿಗೆ ಕೊನೆಯದಾಗಿ ಒಂದು ಕೆಲಸ ಉಳಿದಿರುತ್ತದೆ. ಹೊಸ ಪಾಸ್‌ಪೋರ್ಟ್ ಬಂತೆಂದು ಊರಿನ ಪಟ್ಟಿಯಿಂದ ಹೆಸರು ತಾನಾಗಿ ಹೋಗುವುದಿಲ್ಲ. ಪ್ರಮಾಣವಚನ ಮಾಡಿದ ದಿನವೇ ಭಾರತದ ಪೌರತ್ವ ಹೋಗಿರುತ್ತದೆ, ಹೆಸರು ಮಾತ್ರ ಅಲ್ಲೇ ಕೂತಿರುತ್ತದೆ. ಫಾರಂ 7 ಹಾಕಿ ತೆಗೆಸಿ. ರಜೆಯಲ್ಲಿ ಊರಿಗೆ ಹೋದಾಗ ಯಾರೋ ಪರಿಚಯದ ಏಜೆಂಟು “ಹೆಸರಿದೆಯಲ್ಲಾ ಅಣ್ಣಾ, ಬಾ ಹಾಕು” ಎಂದು ಕರೆದರೆ ಹೋಗಬೇಡಿ; ಒಸಿಐ ಕಾರ್ಡಿಗೇ ಕುತ್ತು. ಪೌರತ್ವ ಉಳಿಸಿಕೊಂಡು 6ಎ ಹಾಕಿ ಬಂದವರು ಮಾತ್ರ ಧೈರ್ಯವಾಗಿ ಹೋಗಿ: ಪಟ್ಟಿಯ ಕೊನೆಯ ಪುಟದ ಪ್ರಿಂಟ್, ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದ ಚೀಟಿ, ಅಸಲು ಪಾಸ್‌ಪೋರ್ಟ್. ಮತಗಟ್ಟೆಯ ಸಿಬ್ಬಂದಿ ಎಪಿಕ್ ಕೇಳಿದರೆ ಪಟ್ಟಿಯ ಸಾಗರೋತ್ತರ ವಿಭಾಗವನ್ನು ಬೆರಳಿಟ್ಟು ತೋರಿಸಿ. ಪಾಸ್‌ಪೋರ್ಟಿನ ಝೆರಾಕ್ಸ್ ನಡೆಯುವುದಿಲ್ಲ, ಮೊಬೈಲಿನಲ್ಲಿರುವ ಫೋಟೊವೂ ನಡೆಯುವುದಿಲ್ಲ.